ಹೌದಪ್ಪನ ನಾಲ್ಕು ಹೌದು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆದರೆ ಅದು ಬಸ್ ಡಿಪೋದ ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಮಿಕ್ಕ ಲೋಕಕ್ಕೆಲ್ಲ ಅವನು ಹೌದಪ್ಪ. ಈ ಬಿರುದು ಅವನಿಗೆ ಸುಮ್ಮನೆ ಬಂದದ್ದಲ್ಲ, ಮೂವತ್ತಮೂರು ವರ್ಷ ಬಸ್ಸು ಓಡಿಸಿ ಸಂಪಾದಿಸಿದ್ದು.

ಡಿಪೋದಲ್ಲಿ ಒಂದು ಪದ್ಧತಿ. ಪಾಳಿ ಮುಗಿಸಿ ಗಾಡಿ ನಿಲ್ಲಿಸಿದ ಮೇಲೆ ಡ್ರೈವರು ಒಂದು ಕಾರ್ಡು ತುಂಬಬೇಕು. ಗೇರ್ ಹಾಕುವಾಗ ಸದ್ದು ಬರುತ್ತದೆಯೇ? ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆಯೇ? ಬಾಗಿಲು ಅಲುಗಾಡುತ್ತದೆಯೇ? ಹೀಗೆ ಹದಿನಾಲ್ಕು ಪ್ರಶ್ನೆ. ಎದುರಿಗೆ 'ಹೌದು', 'ಇಲ್ಲ'. ಕೊನೆಯಲ್ಲಿ 'ದುರಸ್ತಿ ಆಗಿದೆ' ಎಂಬ ಖಾನೆ. ಅಲ್ಲಿ ಮೆಕ್ಯಾನಿಕ್ ಸಹಿ.

ಮನೆಗೆ ಹೋಗುವ ಆತುರದಲ್ಲಿ ಉಳಿದ ಡ್ರೈವರುಗಳು ಹದಿನಾಲ್ಕಕ್ಕೂ ಸೇರಿಸಿ ಮೇಲಿಂದ ಕೆಳಕ್ಕೆ ಒಂದೇ ಗೀಟು ಎಳೆದು 'ಇಲ್ಲ' ಎಂದು ಬರೆದು ಎಸೆಯುತ್ತಿದ್ದರು. ಗಾಡಿಯ ಅರ್ಧ ಚಾಸಿಸ್ ದಾರಿಯಲ್ಲಿ ಬಿದ್ದುಹೋಗಿದ್ದರೂ ಆ ಗೀಟು ಮಾತ್ರ ನೇರ. ಹೌದಪ್ಪನದು ಹಾಗಲ್ಲ. ಕೆಲಸಕ್ಕೆ ಸೇರಿದ ದಿನವೇ ಅಂದಿನ ಫೋರ್‌ಮನ್ನು ಅವನ ಹೆಗಲ ಮೇಲೆ ಗ್ರೀಸು ಮೆತ್ತಿದ ಕೈ ಇಟ್ಟು ಹೇಳಿದ್ದ: "ನೋಡು ಮಗ, ಗಾಡಿಗೆ ಬಾಯಿಲ್ಲ. ಒಂದೇ ಒಂದು ಸಲ ಸದ್ದು ಕೇಳಿಸಿದ್ರೂ ಹೌದು ಅಂತ ಬರಿ. ಆಮೇಲೆ ಸದ್ದು ನಿಂತರೂ ಹೌದು ಅಂತಾನೇ ಬರಿ. ನಿಂತದ್ದು ಹೇಗೆ ಅಂತ ನಿಂಗೇನು ಗೊತ್ತು? ಮೆಕ್ಯಾನಿಕ್ ಬಂದು ಸಹಿ ಹಾಕೋವರೆಗೂ ಅದು ಇದೆ ಅಂತಲೇ ಲೆಕ್ಕ."

ಆ ಗ್ರೀಸಿನ ಕಲೆ ಅಂಗಿಯಿಂದ ಹೋಯಿತು, ಮಾತು ಹೋಗಲಿಲ್ಲ. ಒಮ್ಮೆ ಮಳೆಯಲ್ಲಿ ವೈಪರು ಒಂದು ಸಲ ಕೀಚಲು ದನಿ ಮಾಡಿತೆಂದು ಹೌದಪ್ಪ ಹನ್ನೊಂದು ತಿಂಗಳು ದಿನವೂ 'ಹೌದು' ಬರೆದ. ಮಳೆಗಾಲ ಮುಗಿಯಿತು, ಬೇಸಿಗೆ ಬಂತು, ಕೊನೆಗೆ ಮೆಕ್ಯಾನಿಕ್ ಓಡಿ ಬಂದು, "ಅಪ್ಪಾ, ನಿನ್ ಕಾಲಿಗೆ ಬೀಳ್ತೀನಿ, ಇಗೋ ಸಹಿ!" ಎಂದು ಕಾರ್ಡು ಹರಿಯುವಷ್ಟು ಒತ್ತಿ ಸಹಿ ಹಾಕಿದ. ಮರುದಿನದಿಂದ ವೈಪರಿನ ಎದುರು 'ಇಲ್ಲ'.

ಇಂಥ ಮನುಷ್ಯನ ಕೈಗೆ, ಒಂದು ಸೋಮವಾರ, ಆರೋಗ್ಯ ಇಲಾಖೆಯವರ ನಾಲ್ಕು ಪ್ರಶ್ನೆಗಳ ಒಂದು ಚೀಟಿ ಬಂತು.

ಅದು ಕುಡಿತದ ತೊಂದರೆ ಇರುವವರನ್ನು ಪತ್ತೆಹಚ್ಚುವ ಚೀಟಿ. ಡಿಪೋಗೆ ಬಂದು ಆಗಷ್ಟೇ ನಾಲ್ಕು ತಿಂಗಳಾಗಿದ್ದ ಮ್ಯಾನೇಜರು ಅದನ್ನು ವಿಶ್ರಾಂತಿ ಕೋಣೆಯಲ್ಲಿ ಎಲ್ಲ ನೌಕರರಿಗೂ ತಾವೇ ಕೈಯಾರೆ ಹಂಚಿದರು. ಅವರಿಗೆ ಅಂಕಿಗಳೆಂದರೆ ಪ್ರಾಣ. ಅವರ ಕೋಣೆಯ ಗೋಡೆಯಲ್ಲಿ ಟೈರಿನ ಸವೆತಕ್ಕೊಂದು, ತಡವಾಗಿ ಬರುವವರಿಗೊಂದು, ಕಡೆಗೆ ಟೀ ಲೋಟ ಒಡೆಯುವುದಕ್ಕೂ ಒಂದು ನಕ್ಷೆ ಇತ್ತು. "ಪ್ರಾಮಾಣಿಕವಾಗಿ ತುಂಬಿ. ಇದು ವಿಜ್ಞಾನ!" ಎಂದರು.

ಡ್ರೈವರುಗಳು ಅಭ್ಯಾಸಬಲದಿಂದ ಮೇಲಿಂದ ಕೆಳಕ್ಕೆ ಗೀಟು ಎಳೆದು ಎದ್ದರು. ಹೌದಪ್ಪ ಮಾತ್ರ ಕನ್ನಡಕ ಒರೆಸಿಕೊಂಡು ಕೂತ.

ಕುಡಿತ ಕಡಿಮೆ ಮಾಡಬೇಕೆಂದು ನಿಮಗೆ ಎಂದಾದರೂ ಅನಿಸಿದೆಯೇ?

ಎಂದಾದರೂ. ಹೌದಪ್ಪನ ಕಣ್ಣು ಆ ಪದದ ಮೇಲೆ ನಿಂತಿತು. ಮನಸ್ಸು ಮೂವತ್ತೊಂದು ವರ್ಷ ಹಿಂದಕ್ಕೆ, ರಿವರ್ಸ್ ಗೇರಿನಲ್ಲಿ ಸದ್ದಿಲ್ಲದೆ ಹೊರಟಿತು. ಆ ಫೋರ್‌ಮನ್ನು ನಿವೃತ್ತನಾದ ಮಧ್ಯಾಹ್ನ. ಹೌದಪ್ಪನಿಗೆ ಅಂದು ವಾರದ ರಜೆ. ಆದರೂ ಗುರುವನ್ನು ಬೀಳ್ಕೊಡಲು ಬಂದಿದ್ದ. ವರ್ಕ್‌ಶಾಪಿನ ಹಿಂದೆ ಹಳೇ ಟೈರುಗಳ ಮೇಲೆ ಐದಾರು ಜನ ಕೂತಿದ್ದರು. ತಗಡಿನ ಸೂರಿನ ತೂತಿನಿಂದ ಬಿಸಿಲು ನಾಣ್ಯದಷ್ಟಗಲ ಬೀಳುತ್ತಿತ್ತು. ಫೋರ್‌ಮನ್ನು ಮೂವತ್ತು ವರ್ಷ ಟೀ ತರುತ್ತಿದ್ದ ಫ್ಲಾಸ್ಕಿನಿಂದ ಅಂದು ಬೇರೆ ಏನೋ ಬಗ್ಗಿಸಿ, ಮುಚ್ಚಳ ಮುಂದೆ ಹಿಡಿದು, "ಕುಡಿಯೋ, ಇನ್ನು ನಿಂಗೆ ಬೈಯೋಕೆ ನಾನಿರಲ್ಲ," ಎಂದ. ಹೌದಪ್ಪ ಕುಡಿದ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೋ ಮಾತಿಗೋ ತಿಳಿಯದೆ ಇನ್ನೊಂದು ಮುಚ್ಚಳವನ್ನೂ ಕುಡಿದ.

ಅಂದೇ ಸಂಜೆ ಅವನಿಗೆ ಕಡಿಮೆ ಮಾಡಬೇಕು ಅನಿಸಿತ್ತು. ಮಾಡಿಯೂ ಇದ್ದ. ಎರಡು ಮುಚ್ಚಳದಿಂದ ಎರಡೇ ದಿನದಲ್ಲಿ ಸೊನ್ನೆಗೆ ಇಳಿಸಿದ್ದ. ಅದಕ್ಕಿಂತ ಕಡಿಮೆ ಮಾಡಲು ಗಣಿತದಲ್ಲೇ ಜಾಗವಿರಲಿಲ್ಲ. ಆದರೂ ಅನಿಸಿದ್ದು ಅನಿಸಿದ್ದೇ. ಹೌದು.

ನಿಮ್ಮ ಕುಡಿತವನ್ನು ಯಾರಾದರೂ ಟೀಕಿಸಿ ನಿಮಗೆ ನೋವಾಗಿದೆಯೇ? ಹೆಂಡತಿ ಅಂದು ಬಾಗಿಲಲ್ಲೇ ನಿಲ್ಲಿಸಿ ಬೈದಿದ್ದಳು. ಹೌದು. ಕುಡಿದುದಕ್ಕಾಗಿ ತಪ್ಪಿತಸ್ಥ ಭಾವನೆ ಕಾಡಿದೆಯೇ? ಮೂವತ್ತೊಂದು ವರ್ಷದಿಂದ, ಹಬೆಯಾಡುವ ರೇಡಿಯೇಟರಿನ ಹಾಗೆ. ಹೌದು. ಬೆಳಗ್ಗೆ ಎದ್ದ ಕೂಡಲೇ ಕುಡಿದಿದ್ದೀರಾ? ಮರುದಿನ ಬೆಳಗ್ಗೆ ಸೀಳುವ ತಲೆ ಹೊತ್ತು ಫೋರ್‌ಮನ್ನಿನ ಮನೆಗೆ ಹೋದಾಗ ಅವನು, "ಇದು ಔಷಧಿ ಕಣೋ," ಎಂದು ಅರ್ಧ ಮುಚ್ಚಳ ಕುಡಿಸಿದ್ದ. ಅರ್ಧವಾದರೇನು? ಹೌದು.

ಕೊನೆಯಲ್ಲಿ 'ದುರಸ್ತಿ ಆಗಿದೆ' ಖಾನೆಗಾಗಿ ಹುಡುಕಿದ. ಇರಲಿಲ್ಲ. ಇಂಥ ಅರೆಬರೆ ಕಾರ್ಡನ್ನು ಯಾರು ಮಾಡಿದರೋ ಎಂದುಕೊಳ್ಳುತ್ತ ಸಹಿ ಹಾಕಿ ಕೊಟ್ಟ.

ಬುಧವಾರ ಮ್ಯಾನೇಜರರ ಕೋಣೆಯಿಂದ ಕರೆ ಬಂತು. ಅವರು ಬಾಗಿಲು ಹಾಕಿದರು, ಕಿಟಕಿ ಹಾಕಿದರು, ಫ್ಯಾನು ಕೂಡ ನಿಲ್ಲಿಸಿದರು.

"ಕೂತ್ಕೊಳ್ಳಿ. ಎಷ್ಟು ವರ್ಷದಿಂದ?"

"ಮೂವತ್ತೊಂದು ವರ್ಷ ಆಯ್ತು ಸರ್."

ಮ್ಯಾನೇಜರರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಮೂವತ್ತೊಂದು! ಯಾರಿಗೂ ಗೊತ್ತಾಗದ ಹಾಗೆ!"

"ಬೀದಿಗೆಲ್ಲ ಗೊತ್ತಾಯ್ತು ಸರ್. ಅದೇ ಬೇಜಾರು."

"ನಾಲ್ಕಕ್ಕೆ ನಾಲ್ಕು ಅಂಕ ರೀ. ಇಡೀ ಡಿಪೋದಲ್ಲಿ ನಿಮಗೊಬ್ಬರಿಗೇ."

ಶಾಲೆಯಲ್ಲಿ ಒಮ್ಮೆಯೂ ಪೂರ್ತಿ ಅಂಕ ತೆಗೆಯದ ಹೌದಪ್ಪನಿಗೆ ಅರೆಕ್ಷಣ ಹಿಗ್ಗಾಯಿತು. ಮುಂದಿನ ಮಾತು ಬರುವವರೆಗೆ.

"ಇವತ್ತಿಂದ ನೀವು ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ಮುಂದಿನ ಗುರುವಾರ ಇಲಾಖೆಯಿಂದ ಡಾಕ್ಟರು ಬರ್ತಾರೆ. ಅಲ್ಲಿವರೆಗೆ ಸಾಮಾನು ಕೋಣೇಲಿ ಕೂತಿರಿ."

"ಸರ್, ಮುಂದಿನ ಶನಿವಾರ ಏಳನೇ ನಂಬರ್ ಗಾಡೀದು ಕೊನೇ ಓಟ. ಆಮೇಲೆ ಗುಜರಿಗೆ."

"ಅದಕ್ಕೇನೀಗ? ಬೇರೆಯವರು ಓಡಿಸ್ತಾರೆ."

ಏಳನೇ ನಂಬರಿನ ಬಸ್ಸು ಇಪ್ಪತ್ತೆರಡು ವರ್ಷದಿಂದ ಹೌದಪ್ಪನ ಕೈಯಲ್ಲಿತ್ತು. ಅದರ ಎರಡನೇ ಗೇರಿಗೆ ಒಂದು ಬುದ್ಧಿಯಿತ್ತು: ಲಿವರನ್ನು ತುಸು ಎಡಕ್ಕೆ ತಳ್ಳಿ, ಒಂದು ಉಸಿರು ಕಾದು, ಆಮೇಲೆ ಎಳೆಯಬೇಕು. ಬೇರೆಯವರು ಎಳೆದರೆ ಅದು ಬೀದಿ ಬೀದಿಗೂ ಕೇಳುವಂತೆ ಅರಚುತ್ತಿತ್ತು. ಸಾಯಲು ಹೊರಟ ಗಾಡಿಯನ್ನು ಕೊನೆಯ ದಿನ ಹಾಗೆ ಅರಚಿಸುವುದೇ? ಅಂದಿನಿಂದ ಅವನ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ: ಶನಿವಾರ.

ಮ್ಯಾನೇಜರರು ಅಷ್ಟಕ್ಕೆ ಬಿಡಲಿಲ್ಲ. ನಾಲ್ಕು ಅಂಕದವರಿಗೆ ಸಂಜೆ ಹೊತ್ತು ಒಬ್ಬ ಕಾವಲು ಸಂಗಾತಿ ಬೇಕು, ಅವನು ಸೊನ್ನೆ ಅಂಕದವನಾಗಿರಬೇಕು ಎಂದು ಸ್ವಂತ ತಲೆಯಿಂದ ಒಂದು ನಿಯಮ ಮಾಡಿದರು. ಸೊನ್ನೆಯವರು ಬೇಕಾದಷ್ಟು ಜನ ಇದ್ದರು. ಆದರೆ ಹೌದಪ್ಪನ ಬೀದಿಯ ಕಡೆ ಮನೆ ಇದ್ದವನು ಒಬ್ಬನೇ. ಬಿಡಿಭಾಗಗಳ ಸ್ಟೋರ್‌ಕೀಪರು. ಹೇಗಿದ್ದೀಯ ಎಂದು ಯಾರು ಕೇಳಿದರೂ 'ಆರಾಮ್' ಎನ್ನುವ ಅವನ ಅಡ್ಡಹೆಸರು ಆರಾಮಯ್ಯ.

ಈ ಸುದ್ದಿ ಕೇಳಿ ವರ್ಕ್‌ಶಾಪಿನಲ್ಲಿ ಒಬ್ಬ ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರು ಕಾಲಮೇಲೆ ಬೀಳಿಸಿಕೊಂಡ. ಯಾಕೆಂದರೆ ಆರಾಮಯ್ಯ ಹಗಲೆಲ್ಲ ಚೊಕ್ಕವಾಗಿ ನಟ್ಟು ಬೋಲ್ಟು ಎಣಿಸಿಕೊಂಡಿದ್ದು, ಸಂಜೆ ಏಳು ಹೊಡೆಯಿತೆಂದರೆ ಬಾರಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಪ್ರತಿಷ್ಠಾಪನೆಯಾಗುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ತಪ್ಪಿಸಿದ್ದು ಒಂದೇ ಒಂದು ದಿನ. ಅಂದು ಅವನು ಜ್ವರದಲ್ಲಿ ಮಲಗಿದ್ದಾಗ ಆ ಕುರ್ಚಿಯಲ್ಲಿ ಬೇರೆಯವರು ಕೂರದಂತೆ ಬಾರಿನವರು ಅದರ ಮೇಲೆ ಟವೆಲು ಹಾಕಿದ್ದರಂತೆ.

ಹಾಗಾದರೆ ಚೀಟಿಯಲ್ಲಿ ಅವನಿಗೆ ಸೊನ್ನೆ ಹೇಗೆ ಬಂತು? ಸುಳ್ಳು ಬರೆದನೇ? ಖಂಡಿತ ಇಲ್ಲ. ಕಡಿಮೆ ಮಾಡಬೇಕು ಎಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ. ಟೀಕಿಸಲು ಮನೆಯಲ್ಲಿ ಇದ್ದದ್ದು ಗೋಡೆ ಗಡಿಯಾರ ಒಂದೇ, ಅದೂ ನಿಂತಿತ್ತು. ತಪ್ಪಿತಸ್ಥ ಭಾವನೆ ಎಂದರೇನೆಂದು ಪಕ್ಕದವನನ್ನು ಕೇಳಿ ತಿಳಿದುಕೊಂಡು 'ಇಲ್ಲ' ಬರೆದಿದ್ದ. ಬೆಳಗ್ಗೆ? ಛೆ ಛೆ, ಏಳಕ್ಕೆ ಮುಂಚೆ ಅವನು ಮುಟ್ಟುವವನೇ ಅಲ್ಲ. ಅಕ್ಷರ ಅಕ್ಷರವೂ ಸತ್ಯ.

ಅಂದು ಸಂಜೆ ಇಬ್ಬರೂ ಮನೆಗೆ ಬಂದರು. ಆರಾಮಯ್ಯನ ಕಂಕುಳಲ್ಲಿ ಒಂದು ರಟ್ಟಿನ ಹಲಗೆ, ಅದರಲ್ಲಿ ಸಿಕ್ಕಿಸಿದ ಕಾಗದ. ಏಳರಿಂದ ಒಂಬತ್ತರವರೆಗೆ ಅರ್ಧ ಗಂಟೆಗೊಮ್ಮೆ 'ಕುಡಿದಿಲ್ಲ' ಎಂದು ಬರೆದು ಸಹಿ ಹಾಕಬೇಕು.

ಹೌದಪ್ಪನ ಹೆಂಡತಿ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು. ವಿಷಯ ಕೇಳಿದಳು. ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಹೌದಪ್ಪ ತಿಳಿದ.

"ಇವರನ್ನ ಕುಡೀದ ಹಾಗೆ ಕಾಯೋಕೆ," ಎಂದಳು ಉಸಿರು ತಿರುಗಿಸಿಕೊಂಡು, "ನೀನಾ?"

"ಹೂಂ ಅತ್ತಿಗೆ. ಆಫೀಸ್ ಆರ್ಡರು."

"ಸರಿ ಹೋಯ್ತು. ಒಳಗೆ ಬಾ, ಚಪ್ಪಲಿ ಆ ಕಡೆ ಬಿಡು. ಹೇಗಿದ್ದೀಯ?"

"ಆರಾಮ್."

ಏಳು ಹೊಡೆಯಿತು. ಆರಾಮಯ್ಯ ಕಾಗದದ ಮೇಲೆ ಬರೆದ: ಕುಡಿದಿಲ್ಲ. ಏಳೂವರೆಗೆ ಬರೆದ: ಕುಡಿದಿಲ್ಲ. ಎಂಟಕ್ಕೆ ಬರೆಯುವಾಗ ಮುಖ ಸಣ್ಣದಾಗಿತ್ತು.

"ಅಣ್ಣಾ," ಎಂದ, "ಇದು ನಿನ್ ಬಗ್ಗೆ ಬರೀತಿದೀನೋ ನನ್ ಬಗ್ಗೆ ಬರೀತಿದೀನೋ ತಿಳೀತಿಲ್ಲ."

ಒಂಬತ್ತು ಹೊಡೆದದ್ದೇ ತಡ, ಬಾರು ಮುಚ್ಚುವ ಮೊದಲು ಒಂದಾದರೂ ಸಿಗಲಿ ಎಂದು ಬೀದಿಯುದ್ದಕ್ಕೂ ಓಡಿದ. ಎದುರು ಮನೆಯವರು ಅದನ್ನು ನೋಡಿ, ಹೌದಪ್ಪ ಕುಡಿದ ಅಮಲಿನಲ್ಲಿ ಪಾಪದ ಮನುಷ್ಯನನ್ನು ಅಟ್ಟಿಸಿಕೊಂಡು ಹೋದನೆಂದು ಮರುದಿನ ನೀರಿನ ನಲ್ಲಿಯ ಹತ್ತಿರ ವರದಿ ಮಾಡಿದರು.

ಅಲ್ಲಿಂದ ಬೀದಿಗೆ ಕೈತುಂಬ ಕೆಲಸ. ತರಕಾರಿಯವಳು ಹೆಂಡತಿಗೆ ಒಂದು ಕಟ್ಟು ಸೊಪ್ಪು ಹೆಚ್ಚಿಗೆ ಹಾಕಿ, "ಧೈರ್ಯವಾಗಿರಮ್ಮ," ಎಂದಳು. ಹೆಂಡತಿಯ ಅಣ್ಣ ಫೋನು ಮಾಡಿ, "ನನಗೆ ಮದುವೆ ದಿನವೇ ಅನುಮಾನ ಇತ್ತು, ಅವನು ಅಷ್ಟು ಒಳ್ಳೆಯವನಾಗಿ ಕಂಡ," ಎಂದು ಇಟ್ಟುಬಿಟ್ಟ. ಹಗಲು ಹೊತ್ತು ಹೌದಪ್ಪ ಡಿಪೋದ ಸಾಮಾನು ಕೋಣೆಯಲ್ಲಿ, ಬಸ್ಸಿನಲ್ಲಿ ಜನ ಬಿಟ್ಟುಹೋದ ವಸ್ತುಗಳ ನಡುವೆ ಕೂತಿರುತ್ತಿದ್ದ. ನೂರಾರು ಕೊಡೆ, ಒಂಟಿ ಚಪ್ಪಲಿ, ಒಂದು ಕೊಳಲು, ಯಾರೋ ಹುಡುಗಿ ಅರ್ಧ ಹೆಣೆದು ಬಿಟ್ಟ ಸ್ವೆಟರು. ಒಂದೊಂದಕ್ಕೂ ಚೀಟಿ ಕಟ್ಟಿತ್ತು. ಎಷ್ಟೋ ಚೀಟಿಗಳಲ್ಲಿ ಅವನದೇ ಅಕ್ಷರ: 'ಏಳನೇ ನಂಬರ್ ಗಾಡಿ, ಹಿಂದಿನ ಸೀಟು'. ಆ ಸ್ವೆಟರಿನ ಹುಡುಗಿಗೆ ಈಗ ಸ್ವೆಟರು ಹೆಣೆಯುವ ವಯಸ್ಸಿನ ಮಗಳಿರಬೇಕು ಎಂದುಕೊಂಡ. ಹೊರಗೆ ಅಂಗಳದಲ್ಲಿ ಯಾರೋ ಏಳನೇ ನಂಬರಿನ ಎರಡನೇ ಗೇರು ಎಳೆದರು. ಗಾಡಿ ಅರಚಿತು. ಹೌದಪ್ಪ ಸ್ವೆಟರಿನಿಂದ ಕಿವಿ ಮುಚ್ಚಿಕೊಂಡ.

ಶುಕ್ರವಾರ ಸಂಜೆ, ಕಾವಲಿನ ಹೊತ್ತಿಗೆ, ಪಕ್ಕದ ಮನೆಯ ಮೇಷ್ಟ್ರು ಬಂದರು. ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ಯಾರನ್ನು ಕಂಡರೂ ಬೆಂಚಿನ ಮೇಲೆ ನಿಲ್ಲಿಸುವ ದೃಷ್ಟಿಯಿಂದಲೇ ನೋಡುತ್ತಿದ್ದರು.

"ನಾನು ಆವತ್ತೇ ಹೇಳಿದ್ದೆ," ಎಂದರು ಕೂರುವ ಮೊದಲೇ. "ಮೂವತ್ತೊಂದು ವರ್ಷದ ಹಿಂದೆ, ಈ ಮನುಷ್ಯ ನನ್ನ ಮನೆ ಮೆಟ್ಟಿಲ ಮೇಲೆ ನಿಂತು ನನ್ನ ಹತ್ರ ಟಿಕೆಟ್ ಕೇಳಿದ! ನನ್ನ ಮನೆ ಒಳಗೆ ಹೋಗೋಕೆ ನನಗೆ ಟಿಕೆಟ್!"

"ಮೇಷ್ಟ್ರೇ, ಕ್ಷಮಿಸಿ ಅಂತ ಆಗಲೇ..."

"'ಒಳಗೆ ನಡೀರಿ, ಮುಂದೆ ಜಾಗ ಇದೆ' ಅಂತ ನನ್ನ ಬೆನ್ನಿಗೆ ಕೈ ಹಾಕಿದ. ನಾನು ಒಳಗೆ ಹೋದೆ. ಬೇರೆ ದಾರಿ ಇತ್ತಾ?"

ಆರಾಮಯ್ಯನಿಗೆ ಕುತೂಹಲ ತಡೆಯಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಅಣ್ಣಾ, ಆವತ್ತು ಎಷ್ಟು ಕುಡಿದಿದ್ದೆ?"

"ಎರಡು ಮುಚ್ಚಳ."

"ಆಮೇಲೆ?"

"ಮರುದಿನ ಅರ್ಧ."

"ಆಮೇಲೆ?"

"ಆಮೇಲೇನು? ಅಷ್ಟೇ."

ಆರಾಮಯ್ಯ ಎಂಟೂವರೆಯ ಸಹಿ ಹಾಕುವುದನ್ನೇ ಮರೆತ. "ಎರಡೂವರೆ ಮುಚ್ಚಳಕ್ಕೆ," ಎಂದ ಮೆಲ್ಲಗೆ, "ಮೂವತ್ತೊಂದು ವರ್ಷ ಬೇಜಾರು ಮಾಡ್ಕೊಂಡಿದೀಯ. ಹಾಗಾದ್ರೆ ನಾನು... ನಾನು ಎಷ್ಟು ಸಾವಿರ ವರ್ಷ ಮಾಡ್ಕೋಬೇಕು ಅಣ್ಣಾ?"

"ಇವತ್ತಿಂದ ಶುರು ಮಾಡು," ಎಂದಳು ಹೆಂಡತಿ ಅಡುಗೆಮನೆಯಿಂದ. "ಸುಮ್ನೆ ಹೇಳ್ತೀನಿ ಕೇಳು. ಏಳು ಗಂಟೆಗೆ ನಿನ್ ಮುಖ ಒಂದು ಥರ ಇರುತ್ತೆ, ಒಂಬತ್ತಕ್ಕೆ ಓಡೋವಾಗ ಇನ್ನೊಂದು ಥರ. ಆ ಎರಡನೇ ಮುಖ ನಂಗೆ ಹಿಡಿಸಲ್ಲ. ಕನ್ನಡೀಲಿ ನೋಡ್ಕೊಂಡಿದೀಯ ಯಾವತ್ತಾದ್ರೂ?"

ಹತ್ತೊಂಬತ್ತು ವರ್ಷದಲ್ಲಿ ಅವನನ್ನು ಯಾರೂ ಬೈದಿರಲಿಲ್ಲ. ಬೈಸಿಕೊಳ್ಳಲು ಒಬ್ಬರಾದರೂ ಬೇಕಲ್ಲ. ಆರಾಮಯ್ಯನಿಗೆ ನೋವಾಯಿತು. ಹಾಗೇ, ಯಾಕೋ, ಚೆನ್ನಾಗಿಯೂ ಅನಿಸಿತು. ಅಂದು ಒಂಬತ್ತಕ್ಕೆ ಅವನು ಓಡಲಿಲ್ಲ. ನಡೆದ. ಬಾರಿಗೇ ನಡೆದ, ಅದು ಬೇರೆ ಮಾತು.

ಮುಂದಿನ ಬುಧವಾರ, ಡಾಕ್ಟರು ಬರುವ ಹಿಂದಿನ ಸಂಜೆ, ಮೇಷ್ಟ್ರು ಹೌದಪ್ಪನಿಗೆ ಪರೀಕ್ಷೆಯ ತಯಾರಿ ನಡೆಸಿದರು. ಕೈಯಲ್ಲಿ ಹಳೇ ಸ್ಕೇಲು.

"ಎಂದಾದರೂ ಕಡಿಮೆ ಮಾಡಬೇಕು ಅನಿಸಿದೆಯೇ?"

"ಹೌದು."

ಸ್ಕೇಲು ಮೇಜಿನ ಮೇಲೆ ಬಿತ್ತು. "ಇಲ್ಲ! ಇಲ್ಲ ಅನ್ನಬೇಕು!"

"ಆದ್ರೆ ಅನಿಸಿತ್ತಲ್ಲ ಮೇಷ್ಟ್ರೇ. ಮೆಕ್ಯಾನಿಕ್ ಸಹಿ ಆಗದೆ ಇಲ್ಲ ಅಂತ ಬರೆಯೋಕೆ ನನ್ ಕೈ ಬರಲ್ಲ."

"ಯಾವ ಮೆಕ್ಯಾನಿಕ್ಕೋ ನಿನ್ನ ತಪ್ಪಿತಸ್ಥ ಭಾವನೆಗೆ ಸಹಿ ಹಾಕೋದು?" ಎಂದು ಕೂಗಿ ಮೇಷ್ಟ್ರು ಎದ್ದು ಹೋದರು. ಅವರ ಬೋಧನಾ ವೃತ್ತಿಯಲ್ಲೇ ಇಂಥ ಸೋಲು ಮೊದಲನೆಯದು.

ಹೆಂಡತಿ ಕೈ ಒರೆಸಿಕೊಂಡು ಬಂದು ಎದುರು ಕೂತಳು. "ಆವತ್ತು ನಾನು ಬೈದದ್ದನ್ನ ನೀವು ಇನ್ನೂ ಇಟ್ಕೊಂಡಿದೀರಾ?"

"ಬೈದೆಯಲ್ಲ."

"ಬೀದಿಯೆಲ್ಲ ಕಿಟಕೀಲಿ ನಿಂತು ನೋಡ್ತಿತ್ತು, ಇನ್ನೇನು ಮಾಡ್ಲಿ? ಹೊಸ ಹೆಂಡತಿ, ನಗೋಕೆ ಆಗುತ್ತಾ?" ಅವಳು ಮುಖ ತಿರುಗಿಸಿದಳು. "ಒಂದೊಂದು ಮನೆ ಮುಂದೆ ನಿಂತು ಒಂದೊಂದು ಸ್ಟಾಪಿನ ಹೆಸರು ಕೂಗ್ತಾ ಬಂದ್ರಿ. ಆಸ್ಪತ್ರೆ, ಮಾರ್ಕೆಟ್ಟು, ಹೈಸ್ಕೂಲು. ನಮ್ಮ ಬಾಗಿಲಿಗೆ ಬಂದು ಕೈ ಮೇಲೆತ್ತಿ, 'ಕೊನೇ ಸ್ಟಾಪು, ಎಲ್ಲರೂ ಇಳೀರಿ, ಗಾಡಿ ಇಲ್ಲಿಂದ ಮುಂದಕ್ಕೆ ಹೋಗಲ್ಲ' ಅಂದ್ರಿ. ನೆನಪಿದೆಯಾ?"

"ಅದಕ್ಕೇ ಬೈದೆ."

"ಬೈದು ಒಳಗೆ ಬಂದು ಅಡುಗೆಮನೇಲಿ ಎಷ್ಟು ನಕ್ಕೆ ಅಂತೀರ! ಇವತ್ತಿಗೂ ಒಬ್ಬಳೇ ಪಾತ್ರೆ ತೊಳೆಯೋವಾಗ ನೆನೆಸ್ಕೊಂಡು ನಗ್ತೀನಿ. ಅಷ್ಟು ಚೆನ್ನಾಗಿ ಮತ್ತೆ ನೀವು ಯಾವತ್ತೂ ಮಾತಾಡ್ಲೇ ಇಲ್ಲ. ನಾನು ಬೈದೆ ಅಂತ ಬಾಯಿಗೇ ಬೀಗ ಹಾಕ್ಕೊಂಡ್ರಲ್ಲ, ಅದೇ ನಂಗೆ ಬೇಜಾರು."

ಹೌದಪ್ಪ ಅವಳನ್ನೇ ನೋಡಿದ. ಮೂವತ್ತೊಂದು ವರ್ಷ ಅವನು ಯಾವ ಸದ್ದನ್ನು ಕೆಟ್ಟ ಸದ್ದೆಂದು ದಿನವೂ ಬರೆಯುತ್ತ ಬಂದಿದ್ದನೋ ಅದು ಅಡುಗೆಮನೆಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ನಕ್ಕ ಸದ್ದು.

ಅವನು ಎದ್ದು ಒಂದು ಹಾಳೆ ತಂದ. ನಾಲ್ಕು ಪ್ರಶ್ನೆ ಬರೆದು, ಸ್ಕೇಲು ಇಟ್ಟು, ಕೊನೆಯಲ್ಲಿ ಒಂದು ಖಾನೆ ಎಳೆದ. ಮೇಲೆ ಬರೆದ: ದುರಸ್ತಿ ಆಗಿದೆ.

"ಎರಡನೇದಕ್ಕೂ ಮೂರನೇದಕ್ಕೂ ನೀನು ಸಹಿ ಹಾಕು."

ಅವಳು ಹಾಕಿದಳು. ಮೂಲೆಯಲ್ಲಿ ಕೂತ ಆರಾಮಯ್ಯ ಮೂಗು ಒರೆಸಿಕೊಂಡು, ತನ್ನ ಕಾಗದದಲ್ಲಿ ಎಂಟರ ಸಹಿಯನ್ನು ಎರಡು ಸಲ ಹಾಕಿದ.

ಗುರುವಾರ ಡಾಕ್ಟರಮ್ಮ ಬಂದಳು. ಚಿಕ್ಕ ವಯಸ್ಸು, ದೊಡ್ಡ ಚೀಲ, ಮುಖದಲ್ಲಿ ಎರಡು ಊರು ಸುತ್ತಿ ಬಂದ ದಣಿವು. ಮ್ಯಾನೇಜರರು ಹೆಮ್ಮೆಯಿಂದ ಹೌದಪ್ಪನನ್ನು ಮುಂದೆ ನಿಲ್ಲಿಸಿ, "ನಾಲ್ಕಕ್ಕೆ ನಾಲ್ಕು, ಮೇಡಂ!" ಎಂದರು, ಸಂತೆಯಲ್ಲಿ ಎತ್ತಿನ ಹಲ್ಲು ತೋರಿಸುವವರಂತೆ.

"ಕೊನೇ ಸಲ ಕುಡಿದದ್ದು ಯಾವಾಗ?" ಎಂದು ಕೇಳಿದಳು ಡಾಕ್ಟರಮ್ಮ.

"ಮೂವತ್ತೊಂದು ವರ್ಷ ನಾಲ್ಕು ತಿಂಗಳಾಯ್ತಮ್ಮ. ಅರ್ಧ ಮುಚ್ಚಳ."

ಪೆನ್ನು ನಿಂತಿತು. "ಅಲ್ಲಿಂದ ಇಲ್ಲೀವರೆಗೆ?"

"ಕೆಮ್ಮಿನ ಔಷಧಿ ಎರಡು ಸಲ. ಬರ್ಕೊಳ್ಳಿ."

ಹೌದಪ್ಪ ತನ್ನ ಹಾಳೆ ಮುಂದಿಟ್ಟ. ಡಾಕ್ಟರಮ್ಮ ಓದಿದಳು. ಮೊದಲ ಸಲ ಓದಿದಾಗ ಹುಬ್ಬು ಮೇಲೆ ಹೋಯಿತು, ಎರಡನೇ ಸಲ ಓದಿದಾಗ ತುಟಿ ಕಚ್ಚಿಕೊಂಡಳು. ಆಮೇಲೆ ಒಂದನೇ, ನಾಲ್ಕನೇ ಪ್ರಶ್ನೆಗಳ ಮುಂದೆ, 'ದುರಸ್ತಿ ಆಗಿದೆ' ಖಾನೆಯಲ್ಲಿ ಸಹಿ ಹಾಕಿ ಇಲಾಖೆಯ ಮೊಹರನ್ನೂ ಒತ್ತಿದಳು.

"ಇವರನ್ನ ಇಷ್ಟು ದಿನ ಯಾಕೆ ಕೂರಿಸಿದ್ರಿ?" ಎಂದಳು ಮ್ಯಾನೇಜರರಿಗೆ. "ಎರಡನೇ ಪುಟ ಓದಲಿಲ್ವಾ?"

"ಎರಡನೇ ಪುಟ... ಇದೆಯಾ?"

"'ಹೌದು ಅಂದವರ ಹತ್ತಿರ ಕೂತು ಮಾತಾಡಿ' ಅಂತಿದೆ. ಇದು ಜರಡಿ ಸರ್. ಜರಡೀಲಿ ನಿಂತದ್ದನ್ನ ಕೈಯಲ್ಲಿ ಆರಿಸಿ ನೋಡ್ಬೇಕು. ಕೆಳಗೆ ಬಿದ್ದದ್ದರಲ್ಲೂ ಒಂದೆರಡು ಕಲ್ಲು ಇರುತ್ತೆ. ನೀವು ಇದನ್ನ ತಕ್ಕಡಿ ಮಾಡ್ಕೊಂಡು ಕೂತಿದೀರಿ."

ಮ್ಯಾನೇಜರರಿಗೆ ಅಂಕಿಗಳ ಮೇಲಿನ ನಂಬಿಕೆ ಅಷ್ಟು ಬೇಗ ಹೋಗುವುದಲ್ಲ. "ಹಾಗಲ್ಲ ಮೇಡಂ, ಚೀಟಿ ಸರಿಯಾಗೇ ಇದೆ. ಬೇಕಾದ್ರೆ ಸೊನ್ನೆ ಬಂದವರೊಬ್ಬರ ಮೇಲೆ ಮತ್ತೆ ಪ್ರಯೋಗ ಮಾಡಿ ನೋಡಿ. ಇವರ ಕಾವಲು ಸಂಗಾತಿ. ಒಂದು ವಾರದಲ್ಲಿ ಮನುಷ್ಯ ಏನು ಬದಲಾಗ್ತಾನೆ?"

ಆರಾಮಯ್ಯನಿಗೆ ಹೊಸ ಚೀಟಿ ಕೊಟ್ಟರು. ಅವನು ಮೂಲೆಯಲ್ಲಿ ಕೂತು, ಹೌದಪ್ಪನ ಹಾಗೆಯೇ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿ ತುಂಬಿ ಕೊಟ್ಟ.

ಮೂರು ಅಂಕ.

"ಏನ್ರೀ ಇದು!" ಮ್ಯಾನೇಜರರು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹೋದ ವಾರ ಸೊನ್ನೆ! ಒಂದೇ ವಾರದಲ್ಲಿ ಕುಡುಕ ಆಗಿಬಿಟ್ರಾ?"

"ಇಲ್ಲ ಸರ್. ಹತ್ತೊಂಬತ್ತು ವರ್ಷದಲ್ಲಿ ಅತಿ ಕಡಿಮೆ ಕುಡಿದದ್ದು ಈ ವಾರವೇ. ದಿನಕ್ಕೆ ಒಂದು." ಆರಾಮಯ್ಯ ತಲೆ ಕೆರೆದುಕೊಂಡ. "ಆದ್ರೆ ಕಡಿಮೆ ಮಾಡ್ಬೇಕು ಅನಿಸಿದ್ದು ಈ ವಾರವೇ. ಅತ್ತಿಗೆ ಬೈದದ್ದು ಈ ವಾರವೇ. ಅದೇನೋ ಭಾವನೆ ಅಂದ್ರಲ್ಲ, ಅದು ಅರ್ಥ ಆದದ್ದೂ ಈ ವಾರವೇ ಸರ್. ಬೆಳಗ್ಗೆ ಮಾತ್ರ ಇವತ್ತಿಗೂ ಇಲ್ಲ."

ಮ್ಯಾನೇಜರರು ಗೋಡೆಯ ನಕ್ಷೆಗಳನ್ನು ಒಂದೊಂದಾಗಿ ನೋಡಿದರು. ಟೀ ಲೋಟದ ನಕ್ಷೆಯ ಮೇಲೂ ಈಗ ಅವರಿಗೆ ಸಂಶಯ ಬಂದಿತ್ತು.

ಡಾಕ್ಟರಮ್ಮ ಆರಾಮಯ್ಯನನ್ನು ಪಕ್ಕಕ್ಕೆ ಕರೆದು ಅರ್ಧ ಗಂಟೆ ಮಾತಾಡಿದಳು. ಇಷ್ಟು ವರ್ಷದ ಅಭ್ಯಾಸವನ್ನು ಥಟ್ಟನೆ ಒಬ್ಬನೇ ನಿಲ್ಲಿಸಬಾರದು, ತನ್ನ ಕಣ್ಣೆದುರಿಗೇ ಮೆಲ್ಲಗೆ ಇಳಿಸಬೇಕು, ಗುರುವಾರ ಗುರುವಾರ ಆಸ್ಪತ್ರೆಗೆ ಬರಬೇಕು ಎಂದಳು. ಹೊರಗೆ ಬಂದವನನ್ನು ಹೌದಪ್ಪ ಕೇಳಿದ, "ಹೇಗಿದ್ದೀಯೋ?"

ಆರಾಮಯ್ಯ ಬಾಯಿ ತೆರೆದ. ಹತ್ತೊಂಬತ್ತು ವರ್ಷದ ಉತ್ತರ ನಾಲಿಗೆಯವರೆಗೆ ಬಂದು ನಿಂತಿತು.

"ಅಷ್ಟೇನೂ ಚೆನ್ನಾಗಿಲ್ಲ ಅಣ್ಣಾ," ಎಂದ. ಮೊದಲನೇ ಸಲ ನಿಜ ಹೇಳಿದವನ ಮುಖ ಅವನದು. "ಸಂಜೆ ಮನೆಗೆ ಬರ್ಲಾ? ಕಾವಲು ಮುಗೀತು, ಆದ್ರೂ..."

"ಹಲಗೆ ತರಬೇಡ. ಹಾಗೇ ಬಾ."

ಶನಿವಾರ ಮಧ್ಯಾಹ್ನ ಏಳನೇ ನಂಬರಿನ ಗಾಡಿ ಕೊನೆಯ ಓಟಕ್ಕೆ ಹೊರಟಿತು. ಹೌದಪ್ಪ ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮೊದಲ ಸೀಟಿನಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಟಿಕೆಟ್ಟನ್ನು ಎದ್ದು ಕಾಣುವ ಹಾಗೆ ಎದೆಗೆ ಹಿಡಿದುಕೊಂಡ ಮೇಷ್ಟ್ರು. ಆಸ್ಪತ್ರೆ ಸ್ಟಾಪು ಬಂತು. ಹೌದಪ್ಪ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಗಂಟಲು ಸರಿ ಮಾಡಿಕೊಂಡ.

"ಆಸ್ಪತ್ರೆ!" ಎಂದು ಕೂಗಿದ. ಕಂಡಕ್ಟರು ಬೆಚ್ಚಿಬಿದ್ದ, ಅದು ಅವನ ಕೆಲಸ. "ಮಾರ್ಕೆಟ್ಟು! ಹೈಸ್ಕೂಲು! ಒಳಗೆ ನಡೀರಿ, ಮುಂದೆ ಜಾಗ ಇದೆ!" ಹೆಂಡತಿ ಈ ಸಲ ಬಾಯಿಗೆ ಸೆರಗು ಹಿಡಿಯಲಿಲ್ಲ. ಎಲ್ಲರೆದುರೇ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿಕೊಂಡರು, ಆದರೆ ಅವರ ಹೆಗಲು ಕುಣಿಯುತ್ತಿತ್ತು.

ಓಟ ಮುಗಿದು ಜನರೆಲ್ಲ ಇಳಿದರು. ಹೌದಪ್ಪ ಗಾಡಿಯನ್ನು ಡಿಪೋದ ಹಿಂದೆ, ಗುಜರಿಗೆ ಹೋಗುವ ಗಾಡಿಗಳು ನಿಲ್ಲುವ ಬಯಲಿಗೆ ತಂದ. ತಿರುವಿನಲ್ಲಿ ಅವನು ಅದೇಕೋ ಎರಡನೇ ಗೇರಿಗೆ ಕಾಯಬೇಕಾದ ಆ ಒಂದು ಉಸಿರನ್ನು ಕಾಯಲಿಲ್ಲ. ಗಾಡಿ ಇಡೀ ಬಯಲಿಗೆ ಕೇಳುವಂತೆ ಅರಚಿ ನಿಂತಿತು.

ಗುಜರಿ ಗಾಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವನು ಸ್ಟೋರ್‌ಕೀಪರು. ಆರಾಮಯ್ಯ ಹಲಗೆ ಹಿಡಿದು ಕಾದಿದ್ದ. ಹೌದಪ್ಪ ಸೀಟಿನಲ್ಲೇ ಕೂತು ಕೊನೆಯ ಕಾರ್ಡು ತುಂಬಿದ. ಹದಿನಾಲ್ಕು ಪ್ರಶ್ನೆಗೆ ಬಹಳ ಹೊತ್ತು ಹಿಡಿಯಿತು. ಇಳಿದು ಬಂದು ಕಾರ್ಡು ಕೊಟ್ಟ.

ಆರಾಮಯ್ಯ ಓದಿದ. ಗೇರ್ ಹಾಕುವಾಗ ಸದ್ದು: ಇಲ್ಲ. ಬ್ರೇಕ್ ಎಳೆತ: ಇಲ್ಲ. ಬಾಗಿಲು ಅಲುಗಾಟ: ಇಲ್ಲ. ಹದಿನಾಲ್ಕೂ ಇಲ್ಲ. ಗೀಟು ಎಳೆದದ್ದಲ್ಲ, ಹದಿನಾಲ್ಕು ಸಲ ದುಂಡಗೆ ಬರೆದದ್ದು.

ಅವನು ತಲೆ ಎತ್ತಿದ. "ಅಣ್ಣಾ, ಈಗ ತಾನೇ ಗೇರು ಬೀದಿ ತುದೀವರೆಗೂ ಕೇಳಿಸ್ತಲ್ಲ."

"ನಂಗೇನೂ ಕೇಳಿಸ್ಲಿಲ್ಲಪ್ಪ," ಎಂದ ಹೌದಪ್ಪ, ಬಸ್ಸಿನ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು. ಅದು ಇನ್ನೂ ಬೆಚ್ಚಗಿತ್ತು.

ಆರಾಮಯ್ಯ ಕಿವಿಯ ಮೇಲಿನ ಪೆನ್ನು ತೆಗೆದು, 'ದುರಸ್ತಿ ಆಗಿದೆ' ಎಂಬಲ್ಲಿ ಸಹಿ ಹಾಕಿದ.